ಬಿಡು ಅಂದದ್ದು

ಹತ್ತು ಗಂಟೆಗೆ ಗಿರಣಿಯ ಕಚೇರಿಯಲ್ಲಿ ಹೇಳಬೇಕಾದ ಒಂದೇ ಒಂದು ಮಾತನ್ನು ಕೊಟ್ರಪ್ಪ ಬೆಳಗಿನಿಂದ ಮೂರು ನಾಲ್ಕು ದನಿಯಲ್ಲಿ ಅಂದು ನೋಡಿದ್ದ. ಕಟ್ಟಿಗೆಯ ಹೊಟ್ಟು ಹಚ್ಚಿ ಕೈಯ ಜಿಡ್ಡು ತಿಕ್ಕುವಾಗ ಒಮ್ಮೆ, ಬೇವಿನ ಕಡ್ಡಿ ಕಚ್ಚಿಕೊಂಡು ಹಿತ್ತಿಲಲ್ಲಿ ನಿಂತಾಗ ಒಮ್ಮೆ. ಬಿಡು. ಗಟ್ಟಿಯಾಗಿ ಅಂದರೆ ಯಾರನ್ನೋ ಗದರಿಸಿದ ಹಾಗಿತ್ತು, ಮೆಲ್ಲಗೆ ಅಂದರೆ ಸಮಾಧಾನ ಹೇಳಿದ ಹಾಗಿತ್ತು. ಕೊನೆಯ ಅಕ್ಷರವನ್ನು ಎಳೆದು ಅಂದಾಗ ಮಾತ್ರ ಅದು ಬಂಡಿಯ ಮೇಲೆ ನಿಂತು ಎತ್ತಿನ ಬಾಲ ತಿರುವುವವನ ಕೂಗಾಯಿತು. ಆ ದನಿಯನ್ನು ಅವನು ಎರಡನೆಯ ಸಲ ತೆಗೆಯಲಿಲ್ಲ.

ಒಲೆಯ ಮುಂದಿದ್ದ ಹೆಂಡತಿ ಕಳಕಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಯಾರಿಗೆ ಬಿಡು ಬಿಡು ಅನ್ನಾಕತ್ತೀರಿ? ನಾ ಏನರ ಹಿಡಕೊಂಡು ಕುಂತೀನೇನು?" ಅಂದಳು. ಅವನು ನಗಲಿಲ್ಲ. ಮದುವೆಯಲ್ಲಿ ಹೊಲಿಸಿದ ಕೋಟನ್ನು ಅವಳು ಗೂಟಕ್ಕೆ ತೂಗುಹಾಕಿಟ್ಟಿದ್ದಳು. ಅದನ್ನು ತೊಟ್ಟು ಗುಂಡಿ ಹಾಕುವಾಗ ಉಗುರಿನ ಸಂದಿಯ ಕಪ್ಪು ಇನ್ನೂ ಹೋಗಿಲ್ಲದ್ದು ಕಂಡು ಅವನಿಗೆ ಸುಮ್ಮಸುಮ್ಮನೆ ಸಿಟ್ಟು ಬಂತು.

ಒಂದೂವರೆ ತಿಂಗಳ ಹಿಂದೆ ಈಶಪ್ಪ ಸಾಹುಕಾರರ ಮೋಟಾರು ಗಿಣಿಗೇರಾ ದಾರಿಯಲ್ಲಿ ಇಂಜಿನ್ನು ಒಡೆದು ಮೋರಿಯ ಗೋಡೆಗೆ ಬಡಿದು, ಡ್ರೈವರ್ ಹುಸೇನಪ್ಪನ ಬಲಗಾಲು ಹೋಗಿತ್ತು. ಪಕ್ಕದಲ್ಲಿ ಕೂತಿದ್ದವನು ಆ ಇಂಜಿನ್ನನ್ನು ಬಿಚ್ಚಿ ಹೊಸದಾಗಿ ಜೋಡಿಸಿದ ಮಿಸ್ತ್ರಿ, ಅಂದರೆ ಕೊಟ್ರಪ್ಪನೇ. ಒಡೆಯುವ ಮೊದಲು ಅವನು ಬಿಡು ಅಂತ ಕೂಗಿದ್ದನೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ಕಾಲು ತೆಗೆ, ಗಾಡಿ ಸಾವಕಾಶವಾಗಲಿ ಅಂತ ಅಂದೆಯೋ, ಇನ್ನೂ ಜೋರು ಬಿಡು ಅಂತ ಅಂದೆಯೋ, ಬಂದು ಹೇಳಿ ಬಯಾನು ಬರೆಸು ಅಂತ ಸಾಹುಕಾರರು ಹೇಳಿಕಳಿಸಿದ್ದರು. ನಿಲ್ಲಿಸು ಅಂದರೂ ನಿಲ್ಲಿಸದವನಾದರೆ ಹುಸೇನಪ್ಪ ತನ್ನ ಕಾಲನ್ನು ತಾನೇ ಕಳಕೊಂಡವನು, ಗಿರಣಿಗೂ ಅವನಿಗೂ ಸಂಬಂಧ ಮುಗಿಯಿತು. ಅವನ ತಪ್ಪಿಲ್ಲವೆಂದಾದರೆ ಗಿರಣಿಯ ಅಗಸೆಬಾಗಿಲಲ್ಲಿ ಕಾವಲಿನ ದರವಾನನ ಕೆಲಸ, ಬಾಗಿಲ ಬದಿಯ ಖೋಲಿ, ಸಾಯುವ ತನಕ. ಆದರೆ ಡ್ರೈವರನ ತಪ್ಪಿಲ್ಲವೆಂದ ಮೇಲೆ ಉಳಿಯುವ ತಪ್ಪು ಯಾರದು? ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ, ನಾಲ್ಕು ಊರಿನ ಮೋಟಾರಿನವರೂ ಅವನ ಶೆಡ್ಡಿಗೇ ಬರುವವರು. ಕೊಟ್ರಪ್ಪ ಕೈ ಹಾಕಿದ ಇಂಜಿನ್ನಿಗೆ ಕಾಲು ಕೊಡಬೇಕಾಗುತ್ತದೆ ಎಂಬ ಮಾತು ಹುಟ್ಟಿದರೆ ಆ ಶೆಡ್ಡಿನಲ್ಲಿ ಕೋಳಿ ಸಾಕುವುದೊಂದೇ ದಾರಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವಂಥ ಒಂದು ಮಾತಿಗಾಗಿ ಅವನು ವಾರದಿಂದ ಹುಡುಕುತ್ತಿದ್ದ. ಸಿಕ್ಕಿರಲಿಲ್ಲ.

ಸ್ಟೇಶನ್ ದಾರಿಯಲ್ಲಿ ಬಿಸಿಲು ಆಗಲೇ ಏರಿತ್ತು. ಹತ್ತಿಯ ಬಂಡಿಗಳು ಸಾಲಾಗಿ ಗಿರಣಿಯ ಕಡೆ ಹೊರಟಿದ್ದವು. ಅವುಗಳ ಹಿಂದೆ ನಡೆಯುತ್ತ ಕೊಟ್ರಪ್ಪನಿಗೆ ತಾನು ಹದಿನೆಂಟು ವರ್ಷ ಇದೇ ಗಿರಣಿಯಲ್ಲಿ ಎಣ್ಣೆಯ ಡಬ್ಬಿ ಹಿಡಿದು ನಿಂತದ್ದು ನೆನಪಾಯಿತು. ಅಲ್ಲಿದ್ದದ್ದು ಆಳೆತ್ತರದ ಒಂದು ಇಂಜಿನ್ನು. ಅದರ ಒಳಗಿನ ಪಿಸ್ಟನ್ನು ಮೊಳದುದ್ದ ಹೋಗಿ ಮೊಳದುದ್ದ ಬರುವುದು, ನಿಮಿಷಕ್ಕೆ ಇನ್ನೂರು ಸುತ್ತು, ಮುದುಕ ಹುಕ್ಕಾ ಸೇದಿದ ಹಾಗೆ. ಆಗ ಸಾಹುಕಾರರು ಅವನನ್ನು ಹೆಸರು ಹಿಡಿದು ಕರೆದವರಲ್ಲ. "ಏ ಎಣ್ಣಿ" ಅನ್ನುತ್ತಿದ್ದರು. ಕೆಲಸ ಬಿಟ್ಟು ಸ್ಟೇಶನ್ ಹತ್ತಿರ ಸ್ವಂತ ಶೆಡ್ಡು ಹಾಕಿದ ಮೇಲೂ ಎರಡು ವರ್ಷ ಎಣ್ಣಿಯೇ ಆಗಿದ್ದ. ಮೋಟಾರಿನ ಕೆಲಸ ಬಿದ್ದ ದಿನ ಮಾತ್ರ ಸಾಹುಕಾರರು ತಾವೇ ಶೆಡ್ಡಿನ ಬಾಗಿಲಿಗೆ ಬಂದು, "ಕೊಟ್ರಪ್ಪ" ಅಂದರು. ಆ ಒಂದು ಕರೆಗೆ ತಾನು ಎಷ್ಟು ಅಗ್ಗವಾಗಿ ಮಾರಿಕೊಂಡೆ ಎಂದು ಈಗ ನೆನೆದರೆ ಮೈಯೆಲ್ಲ ಚುಚ್ಚುತ್ತದೆ.

"ಕೊಟ್ರಪ್ಪ, ಗಂಗಾವತಿ ಇಬ್ರಾಹಿಂಸಾಬ ಹೊಸಾ ಮೋಟಾರು ತಂದಾನ. ನನ್ನ ಗಾಡೀನ ಗಿಣಿಗೇರಾ ದಾರ್ಯಾಗ ಹಿಂದ ಹಾಕಿ, ಧೂಳಾ ಉಗ್ಗಿ ಹೋದ. ಮಗ್ಗಲದಾಗ ಬೀಗರು ಕುಂತಿದ್ರು. ನಂದು ಯಾಕ ಓಡಂಗಿಲ್ಲ?"

ಯಾಕೆ ಓಡುವುದಿಲ್ಲ. ಇಂಜಿನ್ನಿನ ಹೊಟ್ಟೆಯೊಳಗಿನ ಒಂದು ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಅವನಿಗೆ ಕೇಳಿರಲಿಲ್ಲ. ರಿಪೇರಿ ಆಗುತ್ತದೋ ಇಲ್ಲವೋ, ಎಂದಿಗೆ ಆಗುತ್ತದೆ, ಇಷ್ಟೇ ಕೇಳುವವರು. ಉತ್ತರ ಅವನಲ್ಲಿ ಬಹಳ ದಿನದಿಂದ ಇತ್ತು. ಗಿರಣಿಯ ಗುಮಾಸ್ತ ವೆಂಕೋಬರಾಯರಿಂದ ಹಳೆಯ ಇಂಗ್ಲಿಷ್ ಪುಸ್ತಕವೊಂದರ ಹಾಳೆಗಳನ್ನು ಓದಿಸಿ ಕೇಳಿದ್ದ. ಸ್ಟ್ರೋಕ್ ಎಂಬ ಮಾತು ಬಂದಾಗೆಲ್ಲ ರಾಯರು ಕನ್ನಡಕ ಸರಿಮಾಡಿಕೊಂಡು "ಪೆಟ್ಟು" ಅನ್ನುತ್ತಿದ್ದರು. "ಉದ್ದನ್ನ ಪೆಟ್ಟು, ಗಿಡ್ಡನ್ನ ಪೆಟ್ಟು ಅಂತ ಬರದಾನಲ್ಲೋ, ಯಾರಿಗೆ ಹೊಡೀತಾನ ಇವ?" ಕೊಟ್ರಪ್ಪನಿಗೆ ಅದು ಓಟವೆಂದು ತಿಳಿದಿತ್ತು. ಪಿಸ್ಟನ್ನು ಕೊಳವೆಯೊಳಗೆ ಮೇಲಿನಿಂದ ಕೆಳಗೆ ಓಡುವ ಓಟ. ಸಾಹುಕಾರರ ಮೋಟಾರಿನ ಕೊಳವೆ ಸಣ್ಣದು, ಓಟ ಉದ್ದ. ಭಾರ ಎಳೆಯುವುದಕ್ಕೆ ಮಾಡಿದ ಇಂಜಿನ್ನು ಅದು, ಗಿರಣಿಯದರ ಮೊಮ್ಮಗ. ಇಬ್ರಾಹಿಂಸಾಬರದು ಅಗಲ ಕೊಳವೆ, ಗಿಡ್ಡ ಓಟ. ಗಿಡ್ಡ ಓಟದ ಪಿಸ್ಟನ್ನು ಹೋಗಿ ಬರುವಷ್ಟರಲ್ಲಿ ಉದ್ದ ಓಟದ್ದು ಇನ್ನೂ ದಾರಿಯಲ್ಲಿರುತ್ತದೆ. ಜೋರು ತಿರುಗಿಸಿದರೆ ಅದು ಜೀವ ಹಿಡಿದು ಓಡಬೇಕು, ಕೊನೆಗೆ ಗಕ್ಕನೆ ನಿಲ್ಲಬೇಕು, ಮತ್ತೆ ತಿರುಗಬೇಕು. ಹಾಗೆ ನಿಂತು ತಿರುಗುವ ಚಣದಲ್ಲಿ ಅದನ್ನು ಹಿಡಿದ ರಾಡಿನ ಮೇಲೆ ಎಲ್ಲ ಜಗ್ಗಾಟ ಬೀಳುತ್ತದೆ, ಬಾವಿಗೆ ಬಿಟ್ಟ ಕೊಡವನ್ನು ನಡುವೆ ಗಕ್ಕನೆ ಹಿಡಿದರೆ ಹಗ್ಗಕ್ಕೆ ಬೀಳುವ ಹಾಗೆ. ಸುತ್ತು ಎರಡು ಪಟ್ಟಾದರೆ ಜಗ್ಗಾಟ ನಾಲ್ಕು ಪಟ್ಟು. ಈ ನಾಲ್ಕು ಪಟ್ಟಿನ ಮಾತನ್ನು ರಾಯರು ಎರಡು ಸಲ ಓದಿ ಹೇಳಿದ್ದರು.

ಓಟ ಗಿಡ್ಡ ಮಾಡಬೇಕಾದರೆ ಅದರ ಉದ್ದ ಗೊತ್ತುಮಾಡುವ ಕ್ರ್ಯಾಂಕನ್ನೇ ಬೇರೆ ಎರಕ ಹೊಯ್ಯಬೇಕು. ಅದು ಕೊಪ್ಪಳದಲ್ಲಿ ಆಗುವ ಮಾತಲ್ಲ. ಇದನ್ನು ಸಾಹುಕಾರರಿಗೆ ಅಲ್ಲೇ, ಆಗಲೇ, ಇದು ಓಡುವ ಜಾತಿಯದಲ್ಲ ಅಂತ ಹೇಳಿಬಿಟ್ಟಿದ್ದರೆ? ಹೇಳಿದ್ದರೆ ಅವರು ಹುಬ್ಬಳ್ಳಿಯ ಮಿಸ್ತ್ರಿಯನ್ನು ಕರೆಸುತ್ತಿದ್ದರು, ಕೊಟ್ರಪ್ಪ ಮತ್ತೆ ಎಣ್ಣಿಯಾಗುತ್ತಿದ್ದ. ಅದಕ್ಕೆ, "ಓಡಸ್ತೀನ್ರಿ ಧಣ್ಯಾರ" ಅಂದ. ಹುಬ್ಬಳ್ಳಿಯಲ್ಲಿ ಕೊಳವೆಗಳನ್ನು ಅಗಲ ಕೊರೆಸಿ ತಂದ, ದೊಡ್ಡ ಪಿಸ್ಟನ್ನು ಹಾಕಿದ. ಕೊಳವೆಗಳ ಮೇಲೆ ಕೂರುವ ತಲೆಯನ್ನು ಅರೆದು ತೆಳುಮಾಡಿ, ಗಾಳಿ ಇನ್ನಷ್ಟು ಬಿಗಿಯಾಗಿ ಒತ್ತುವ ಹಾಗೆ ಮಾಡಿದ. ದೊಡ್ಡ ಪಿಸ್ಟನ್ನು ಭಾರವಾಯಿತಲ್ಲ, ಎಲ್ಲಾದರೂ ತೂಕ ಇಳಿಸಬೇಕಲ್ಲ ಎಂದು ನಾಲ್ಕೂ ರಾಡುಗಳನ್ನು ಹದಿನೈದು ದಿನ ಕೂತು ಕಬ್ಬಿಣ ತಿಕ್ಕುವ ಕಾನಸಿನಿಂದ ಉಜ್ಜಿ ತೆಳ್ಳಗೆ, ಬೆಳ್ಳಿಯ ಹಾಗೆ ಮಾಡಿದ. ಕಳಕಮ್ಮ ನೋಡಿ, ಮಗಳ ಕಾಲಿಗೆ ಕಡಗ ಮಾಡ್ತೀರೇನು ಅಂದಿದ್ದಳು. ಭಾರವನ್ನು ಹೆಚ್ಚು ಮಾಡಿ, ಭಾರ ಹಿಡಿಯುವ ತೋಳನ್ನು ತೆಳ್ಳಗೆ ಮಾಡಿದ್ದು, ಓಟದ ಉದ್ದ ಮಾತ್ರ ಮೊದಲಿನಷ್ಟೇ ಉಳಿದದ್ದು, ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಉಜ್ಜುವಾಗ ಪ್ರತಿ ದಿನ ಗೊತ್ತಿತ್ತು. ಗೊತ್ತಿದ್ದದ್ದನ್ನು ಮರೆಯುವುದಕ್ಕೆ ಹೊಳಪಿನಷ್ಟು ಛಲೋ ಔಷಧ ಬೇರೆ ಇಲ್ಲ.

ಮರೆಯದೆ ಒಂದು ಕೆಲಸ ಮಾಡಿದ್ದ, ಅದೊಂದು ಅವನ ಸಮಾಧಾನ. ಸುತ್ತು ಎಣಿಸುವ ಯಂತ್ರ ಇಲ್ಲದ ಕಾರಣ ಕಿವಿಯಿಂದಲೇ ಗಡಿ ಹಾಕಿದ. ಇಂಜಿನ್ನು ಮಿತಿ ಮೀರುವ ಮೊದಲು ಅದರ ಗರ್ಜನೆಯ ಒಳಗಿಂದ ತೆಳ್ಳನೆಯ ಒಂದು ಸೀಟಿ ಏಳುತ್ತಿತ್ತು. ಹುಸೇನಪ್ಪನನ್ನು ಮಗ್ಗುಲಲ್ಲಿ ಕೂಡಿಸಿಕೊಂಡು ಅದನ್ನು ಕೇಳಿಸಿದ, ಒಂದು ಸಲವಲ್ಲ, ಇಪ್ಪತ್ತು ಸಲ. "ಈ ಸೀಟಿ ಎದ್ರ ಕಾಲು ತೆಗಿ. ಅಪ್ಪ ಬಂದು ಹೇಳಿದ್ರೂ ಒತ್ತಬ್ಯಾಡ." ಹುಸೇನಪ್ಪ, ಮೊಹರಮ್ಮಿನಲ್ಲಿ ಹಲಗೆ ಬಾರಿಸುತ್ತಿದ್ದವನ ಮಗ, ತಲೆ ವಾರೆ ಮಾಡಿ ಕೇಳಿ, "ಸಿಕ್ತ್ರಿ ಮಿಸ್ತ್ರಿ" ಅಂದಿದ್ದ. ಸಿಕ್ಕಿದ್ದು ಮುಖದಲ್ಲೇ ಕಾಣುತ್ತಿತ್ತು.

ಆಮೇಲೆ ಪಂದ್ಯದ ಆ ದಿನ. ಗಿಣಿಗೇರಾದ ಕಡೆಗೆ ಖಡಿಕಲ್ಲಿನ ದಾರಿ, ಬದಿಗೆ ಕೊಯ್ಲಾದ ಜೋಳದ ಹೊಲ, ಮುಂದೆ ಇಬ್ರಾಹಿಂಸಾಬರ ಮೋಟಾರು ಎಬ್ಬಿಸಿದ ಧೂಳಿನ ಗೋಡೆ. ಸಾಹುಕಾರರು ಬೀಗರೊಂದಿಗೆ ಗಿಣಿಗೇರಾದ ಚಾವಡಿಯಲ್ಲಿ ಕಾಯುತ್ತಿದ್ದರು. ಇಂಜಿನ್ನು ಏರಿತು. ಸೀಟಿ ಎದ್ದಿತು. ಕೊಟ್ರಪ್ಪ ಬಿಡು ಅಂತ ಕೂಗಿದ. ಹುಸೇನಪ್ಪ ಬಿಡಲಿಲ್ಲ. ಮೂರನೆಯ ರಾಡು ತುಂಡಾಗಿ ಇಂಜಿನ್ನಿನ ಪಕ್ಕೆ ಸೀಳಿ ಹೊರಬಂತು, ಚಕ್ರಗಳು ಹಿಡಿದುಕೊಂಡವು, ಮೋರಿಯ ಗೋಡೆ ಎದುರಿಗೆ ಬಂತು. ಕೊಟ್ರಪ್ಪ ಎರೆಹೊಲದಲ್ಲಿ ಹೋಗಿ ಬಿದ್ದ, ಮೊಣಕೈಯ ತೊಗಲು ಹೋಯಿತು, ಅಷ್ಟೇ. ಹೀಗೆಯೇ ಅವನು ಎಲ್ಲರಿಗೂ ಹೇಳಿದ್ದ. ಹೇಳಿ ಹೇಳಿ ಅದು ಪೂಜಾರಿಯ ಮಂತ್ರದಷ್ಟು ಸರಾಗವಾಗಿತ್ತು. ಗಿರಣಿಯಲ್ಲಿ ಬೆಳೆದವನ ಬಾಯಲ್ಲಿ ಬಿಡು ಅಂದರೆ ನಿಲ್ಲಿಸು ಅಂತಲೇ ಅರ್ಥ. ಯಂತ್ರದಲ್ಲಿ ಯಾರದಾದರೂ ಕೈ ಸಿಕ್ಕರೆ "ಬಿಡು!" ಅಂತ ಒದರುತ್ತಾರೆ. ಪಟ್ಟಾ ಬಿಡು, ಚಕ್ರದಿಂದ ತಪ್ಪಿಸು, ನಿಲ್ಲಿಸು. ದಾರಿಯ ಮೇಲಿನವರಿಗೆ, ಬಂಡಿಯವರಿಗೆ, ಡ್ರೈವರರಿಗೆ ಬಿಡು ಅಂದರೆ ಹೊಡೆ, ಓಡಿಸು. ಅದಕ್ಕೆ ಅವನೇನು ಮಾಡಬೇಕು? ಅವನ ಬಾಯಿಗೆ ಅವನ ಮಾತು ಬಂತು. ಮಾತಿಗೆ ಎರಡು ಮುಖವಿದ್ದರೆ ಅದು ಮಾತಿನ ತಪ್ಪು.

ಗಿರಣಿಯ ಕಚೇರಿಯ ಮೆಟ್ಟಿಲ ಮೇಲೆ ಹುಸೇನಪ್ಪ ಕೂತಿದ್ದ. ಪಕ್ಕದಲ್ಲಿ ಕಂಕುಳಿಗೆ ಕೊಟ್ಟುಕೊಳ್ಳುವ ಕೋಲು, ಒಂದು ಮೆಟ್ಟಿಲು ಕೆಳಗೆ ಅವನ ಹೆಂಡತಿ ಪಕ್ಕೀರವ್ವ. ಧೋತರದ ಬಲಗಡೆಯನ್ನು ಮಡಚಿ ಪಿನ್ನು ಹಾಕಿದ್ದರು. ಕೊಟ್ರಪ್ಪ ಆ ಮಡಿಕೆಯನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿದ. ಹೊಸಪೇಟೆಯ ಆಸ್ಪತ್ರೆಗೆ ಅವನು ಒಮ್ಮೆಯೂ ಹೋಗಿರಲಿಲ್ಲ. ಹೋಗುವ ದಿನ ಪ್ರತಿ ಸಲ ಯಾರದೋ ಗಾಡಿ ಶೆಡ್ಡಿಗೆ ಬಂದುಬಿಡುತ್ತಿತ್ತು.

"ಬರ್ರಿ ಮಿಸ್ತ್ರಿ," ಅಂದ ಹುಸೇನಪ್ಪ. ದನಿ ಮೊದಲಿನ ಹಾಗೆಯೇ ಇತ್ತು. ಅದೇ ಕಷ್ಟವಾದದ್ದು.

"ಹೆಂಗದೀಯೋ?"

"ಅದೀನ್ರಿ."

ಪಕ್ಕೀರವ್ವ ಸೆರಗನ್ನು ಬಾಯಿಗೆ ಹಿಡಿದು, "ಎರಡ ಅಕ್ಷರಕ್ಕ ನಮ್ಮ ಮನಿ ಮುಣಗಿತು ನೋಡ್ರಿ. ಈಗ ಅವೇ ಎರಡ ಅಕ್ಷರ ಎತ್ತಬೇಕು" ಅಂದಳು. ಗಂಡ ಅವಳನ್ನು, ನೀ ಸುಮ್ಮನಿರು ಅಂದು ನೀರು ತರಲು ಕಳಿಸಿದ. ಅವಳು ಹೋಗುವ ತನಕ ಕಾದ.

"ಮಿಸ್ತ್ರಿ, ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಸೀಟಿ ಎದ್ದದ್ದು ನನಗೂ ಕೇಳಿತ್ರಿ. ನೀವು ಹೇಳಿಕೊಟ್ಟಂಗ ನಾ ಕಾಲು ತೆಗದೆ."

ಕಾಲು ತೆಗೆಯುವುದು ಎಂಬ ಮಾತಿಗೆ ಇನ್ನೊಂದು ಅರ್ಥ ಬಂದು ಇಬ್ಬರ ನಡುವೆ ಕೂತಿತು. ಹುಸೇನಪ್ಪ ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸಿ ಗಮನಿಸಿ ಅವನಿಗೆ ರೂಢಿಯಾಗಿತ್ತು.

"ತೆಗದಿದ್ದೆ ಅಂತೀನ್ರಿ. ಸೀಟಿ ಇಳೀತು. ಇಬ್ರಾಹಿಂಸಾಬರ ಗಾಡಿ ಮುಂದ ಮುಂದ ಹೊಂಟಿತು. ಅದರ ಮ್ಯಾಲೆ ನೀವು ಬಿಡು ಅಂದ್ರಿ. ತೆಗದ ಕಾಲು ಮತ್ತ ಏನು ತೆಗೀಲಿ? ಹಂಗಾರ ಗಾಡಿ ಬಿಡು ಅಂದಿರಬೇಕು, ಮಿಸ್ತ್ರಿಗೆ ಗೊತ್ತಿಲ್ಲೇನು ಅಂತ ಒತ್ತಿದೆ. ಭಾಳ ದಿನ ಮಲಕೊಂಡು ಇದನ್ನ ವಿಚಾರ ಮಾಡೀನಿ. ನಂದ ತಪ್ಪು ತಿಳವಳಿಕಿ ಏನ್ರಿ?"

ಕೊಟ್ರಪ್ಪ ಕೋಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿದ.

"ಒಳಗ ನಾ ಇದನ್ನ ಹೇಳಂಗಿಲ್ರಿ. ಹೇಳಿದ್ರ ಕುಣೀಲಾರದಾಕಿ ನೆಲ ಡೊಂಕು ಅಂದ್ಲು ಅಂತಾರ. ನಿಮ್ಮ ಬಾಯಿಲೇ ಬಂದ್ರ ಸಾವ್ಕಾರ್ರು ನಂಬ್ತಾರ."

ಕಚೇರಿಯ ಗಡಿಯಾರ ಹತ್ತು ಹೊಡೆಯತೊಡಗಿತು. ಆ ಹತ್ತು ಹೊಡೆತದ ನಡುವೆ ಕೊಟ್ರಪ್ಪನಿಗೆ ಇಷ್ಟು ದಿನ ಅವನ ಮಂತ್ರದಲ್ಲಿ ಜಾಗವೇ ಸಿಗದಿದ್ದ ಒಂದು ಚಣ ಕೇಳಿಸಿತು. ಸೀಟಿ ಎದ್ದಿತ್ತು, ಹೌದು. ಎದ್ದು ಇಳಿದಿತ್ತು. ಇಂಜಿನ್ನಿನ ದನಿ ಸಡಿಲಾಗಿ, ಖಡಿಯ ಮೇಲೆ ಗಾಲಿಗಳ ಸದ್ದು ಬೇರೆಯಾಗಿ ಕೇಳಿತ್ತು. ಮೈ ಕೂತಲ್ಲೇ ಮುಂದಕ್ಕೆ ಬಾಗಿತ್ತು, ಗಾಡಿ ನಿಧಾನವಾದಾಗ ಬಾಗುವ ಹಾಗೆ. ಎದುರಿನ ಧೂಳು ತೆಳುವಾಗಿ ದೂರವಾಗುತ್ತಿತ್ತು. ಅದರೊಳಗೆ ಅವನ ಹದಿನೈದು ದಿನದ ಕಾನಸು, ಹುಬ್ಬಳ್ಳಿಯ ತಿರುಗಾಟ, ಚಾವಡಿಯ ಕಟ್ಟೆಯ ಮೇಲೆ ಬೀಗರ ಮುಂದೆ ಸಾಹುಕಾರರು ತಿರುಗಿ ನೋಡುವ ನೋಟ, ಎಲ್ಲ ದೂರವಾಗುತ್ತಿತ್ತು. ಏ ಎಣ್ಣಿ. ಆಗ ಅವನು ಕೂಗಿದ್ದು. ನಿಲ್ಲುತ್ತಿದ್ದ ಗಾಡಿಯನ್ನು ನಿಲ್ಲಿಸು ಅಂತ ಯಾರು ಕೂಗುತ್ತಾರೆ? ಎತ್ತಿನವನ ಹಾಗೆ ಕೊನೆಯ ಅಕ್ಷರವನ್ನು ಎಳೆದು ಕೂಗಿದ್ದ. ಗಿರಣಿಯ ಮಾತು, ದಾರಿಯ ಮಾತು ಅಂತ ಎರಡಿರಲೇ ಇಲ್ಲ. ಹುಸೇನಪ್ಪ ಸರಿಯಾಗಿಯೇ ಕೇಳಿಸಿಕೊಂಡಿದ್ದ.

ಜವಾನ ಹೊರಗೆ ಬಂದು ಇಬ್ಬರನ್ನೂ ಒಳಗೆ ಕರೆದ.

ಈಶಪ್ಪ ಸಾಹುಕಾರರು ಗಾದಿಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದರು. ವೆಂಕೋಬರಾಯರು ಡೆಸ್ಕಿನ ಮುಂದೆ ಕಾಗದ ಹಾಸಿಕೊಂಡು ಕೂತಿದ್ದರು. ಸಾಹುಕಾರರು ಕೊಟ್ರಪ್ಪನ ಕೋಟನ್ನು ಮೇಲಿಂದ ಕೆಳಗೆ ನೋಡಿ, "ಕೂಡಪಾ, ಖುರ್ಚಿ ಮ್ಯಾಲೆ ಕೂಡು" ಅಂದರು. ಇಪ್ಪತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಕೂತಿರಲಿಲ್ಲ. ಕೂತ. ಹುಸೇನಪ್ಪ ಹೊಸ್ತಿಲ ಹತ್ತಿರ ಕೋಲಿನ ಮೇಲೆ ನಿಂತ. ಅವನನ್ನು ಯಾರೂ ಕೂಡು ಅನ್ನಲಿಲ್ಲ. ತಾನು ಎದ್ದು ಖುರ್ಚಿಯನ್ನು ಅವನ ಕಡೆ ಸರಿಸಬೇಕು ಅನ್ನಿಸಿತು ಕೊಟ್ರಪ್ಪನಿಗೆ. ಎದ್ದರೆ ಈಗ ಕೊಟ್ಟ ಮರ್ಯಾದೆಯನ್ನು ಬೇಡವೆಂದ ಹಾಗಾದೀತು ಎಂದು ಅಂಚಿನಲ್ಲೇ ಕೂತಿದ್ದ.

"ಹೇಳು ಮತ್ತ. ಏನಂತ ಅಂದಿ?"

"ಬಿಡು ಅಂದೆರಿ."

"ಅದು ಗೊತ್ತೈತಿ. ಯಾವ ಅರ್ಥದಾಗ?"

ಆಡಿದರೆ ಆಡಿಬಿಡಬೇಕು. ಇನ್ನೂ ಜೋರು ಬಿಡು ಅಂತ ಅಂದೆ ಧಣಿ, ತಪ್ಪು ನಂದು, ರಾಡು ತೆಳ್ಳಗೆ ಮಾಡಿದವನೂ ನಾನೇ. ಮಾತು ನಾಲಿಗೆಯ ಮೇಲೆ ಬಂದೇ ಬಂದಿತ್ತು, ಅದರ ರುಚಿಯೂ ಗೊತ್ತಾಗಿತ್ತು.

"ನಾವು ಗಿರಣಿ ಮಂದಿರಿ ಧಣ್ಯಾರ," ಅಂದ ಕೊಟ್ರಪ್ಪ. "ಬಿಡು ಅಂದ್ರ ಪಟ್ಟಾ ಬಿಡು ಅಂತ್ರಿ. ನಿಲ್ಲಸು ಅಂತ."

"ಖರೇ ಐತಿ. ಗಿರಣ್ಯಾಗ ಹಂಗ ಅಂತಾರ," ಅಂದು ಸಾಹುಕಾರರು ಅಡಿಕೆ ಬಾಯಿಗೆ ಹಾಕಿಕೊಂಡರು. ಅವರಿಗೂ ಬೇಕಾಗಿದ್ದದ್ದು ಇದೇ ಎಂದು ಕೊಟ್ರಪ್ಪನಿಗೆ ಆಗ ಹೊಳೆಯಿತು. ದರವಾನನ ಖೋಲಿಯಲ್ಲಿ ಆಗಲೇ ಯಾರದೋ ಹಾಸಿಗೆ ಸುತ್ತಿ ಇಟ್ಟದ್ದನ್ನು ಅವನು ಬರುವಾಗ ನೋಡಿದ್ದ, ನೋಡಿಯೂ ಅರ್ಥ ಮಾಡಿಕೊಂಡಿರಲಿಲ್ಲ.

ವೆಂಕೋಬರಾಯರು ಬರೆದದ್ದನ್ನು ಓದಿ, ಕನ್ನಡಕದ ಮೇಲಿಂದ ನೋಡಿದರು. ಆ ಪುಸ್ತಕ ಓದಿ ಹೇಳಿದವರು ಅವರು. ನಾಲ್ಕು ಪಟ್ಟಿನ ಮಾತು ಅವರಿಗೂ ನೆನಪಿತ್ತೋ ಏನೋ. "ಒಂದು ಬಿಟ್ಟದ ಕೊಟ್ರಪ್ಪ. ನೀ ಬಿಡು ಅಂದಾಗ ಆ ಸೀಟಿ ಅಂತೀಯಲ್ಲ, ಅದು ಇತ್ತಲ್ಲೋ?"

"ಇತ್ರಿ," ಅಂದ.

ಇಡೀ ಬಯಾನಿನಲ್ಲಿ ಚೊಕ್ಕ ಸುಳ್ಳು ಅದೊಂದೇ. ಹುಸೇನಪ್ಪನ ಕೋಲು ಹಾಸುಗಲ್ಲಿನ ಮೇಲೆ ತುಸು ಸರಿದ ಸದ್ದಾಯಿತು. ಕೊಟ್ರಪ್ಪ ತಿರುಗಿ ನೋಡಲಿಲ್ಲ. ಮುಂದೆ ಬಂದ ಕಾಗದಕ್ಕೆ ರುಜು ಹಾಕಿದ. ಕೋಟಿನ ತೋಳು ತಾಕಿ ಮಸಿ ಅಳಿಸಿತು, ರಾಯರು ಇನ್ನೊಮ್ಮೆ ಹಾಕಿಸಿದರು.

"ನಿಂದೇನರ ಹೇಳೂದು ಐತೇನಲೇ?" ಸಾಹುಕಾರರು ಹೊಸ್ತಿಲ ಕಡೆ ಕೇಳಿದರು.

"ಇಲ್ರಿ," ಅಂದ ಹುಸೇನಪ್ಪ.

"ಹಂಗಾರ ಆತು. ದರವಾನಕಿ ಹುಲಿಗೆಪ್ಪಗ ಹೇಳೀನಿ." ಮತ್ತೆ ಕೊಟ್ರಪ್ಪನ ಕಡೆ ವಾಲಿ, ದನಿ ತಗ್ಗಿಸಿ, ಇಬ್ಬರೂ ಒಂದೇ ಕಸುಬಿನವರೆಂಬ ಸಲಿಗೆಯಿಂದ, "ಸೊಲ್ಲಾಪುರದಾಗ ಒಂದು ಗಾಡಿ ಐತಂತ. ಹೋಗಿ ನೋಡಿ ಬಾ. ಈ ಸಲ, ರಾಯರು ಹೇಳಿದಂಗ, ಓಟ ಗಿಡ್ಡ ಇದ್ದದ್ದು ತರೂಣು. ಹೌದಿಲ್ಲೋ?" ಅಂದರು. ಕೊಟ್ರಪ್ಪ ಹೌದೆಂದು ಗೋಣು ಹಾಕಿದ. ಗೋಣು ಹಾಕುವಾಗ, ಅಂಥ ಇಂಜಿನ್ನಿನ ರಾಡು ಎಷ್ಟುದ್ದ ಇದ್ದೀತು ಎಂಬ ವಿಚಾರ ಅವನ ಒಳಗೆ ಆಗಲೇ ಶುರುವಾಗಿತ್ತು. ತನ್ನ ಮೇಲೆ ತನಗೆ ಹೇಸಿಗೆ ಬಂತು. ಬಂದರೂ ವಿಚಾರ ನಿಲ್ಲಲಿಲ್ಲ.

ಹೊರಗೆ ಪಕ್ಕೀರವ್ವ ಇನ್ನೂ ಬಂದಿರಲಿಲ್ಲ. ಹುಸೇನಪ್ಪ ಮೆಟ್ಟಿಲ ಮೇಲೆ ನಿಂತು, ಇಳಿಯುವುದಕ್ಕೆ ಮೊದಲು ಕೋಲು ಇಡಬೇಕೋ ಕಾಲು ಇಡಬೇಕೋ ತಿಳಿಯದೆ ತಡವರಿಸಿದ. ಕೊಟ್ರಪ್ಪ ಹೆಗಲು ಕೊಟ್ಟ. ಹುಸೇನಪ್ಪ ಹಿಡಿದುಕೊಂಡ. ಅವನ ಮೈಯಿಂದ ಆಸ್ಪತ್ರೆಯ ಔಷಧದ ವಾಸನೆ ಬರುತ್ತಿತ್ತು. ಎರಡು ಮೆಟ್ಟಿಲು ಇಳಿದರು. ಅವನು ಬೈಯಲಿ, ಉಗುಳಲಿ, ಇದೇ ಕೋಲಿನಿಂದ ಒಂದು ಹಾಕಲಿ ಎಂದು ಕೊಟ್ರಪ್ಪ ಕಾಯುತ್ತಿದ್ದ. ಹಾಗಾಗಿದ್ದರೆ ಮನೆಗೆ ಹೋಗಿ ಉಂಡು ಮಲಗಬಹುದಾಗಿತ್ತು.

"ಮಿಸ್ತ್ರಿ," ಅಂದ ಹುಸೇನಪ್ಪ, ನೆಲ ನೋಡುತ್ತ. "ನಿಮ್ಮ ಶೆಡ್ಡಿನಾಗ ಏನರ ಕೆಲಸ ಐತೇನ್ರಿ? ಕುಂತು ಕಾನಸು ಹಾಕಾಕ ಕಾಲು ಬೇಕಾಗಿಲ್ಲಲ್ರಿ."

ಶೆಡ್ಡಿನಲ್ಲಿ ಕೆಲಸವಿತ್ತು. ಮೂಲೆಯಲ್ಲಿ ಎರಡು ಇಂಜಿನ್ನು ಬಿಚ್ಚಿ ಬಿದ್ದಿದ್ದವು. ಕೊಟ್ರಪ್ಪನಿಗೆ ಬೆಳಗಾದರೆ ಎದುರಿಗೆ ಕೂತ ಆ ಮುಖ ಕಂಡಿತು, ಒಂದೊಂದು ಗಾಡಿ ಶುರುಮಾಡಿದಾಗಲೂ ತಲೆ ವಾರೆ ಮಾಡಿ ಕೇಳುವ ಆ ಕಿವಿ ಕಂಡಿತು.

"ನೋಡೋಣಂತ," ಅಂದ.

ಈ ಸೀಮೆಯಲ್ಲಿ ನೋಡೋಣಂತ ಅಂದರೆ ಏನೆಂದು ಎಲ್ಲರಿಗೂ ಗೊತ್ತು. ಹುಸೇನಪ್ಪ ಅವನ ಹೆಗಲ ಮೇಲಿನ ಕೈ ತೆಗೆದು, ಗೋಡೆ ಹಿಡಿದುಕೊಂಡು, ಉಳಿದ ಮೆಟ್ಟಿಲನ್ನು ತಾನೇ ಇಳಿದ.